ಕ್ರೀಡಾ ತಂಡದ ಗುಂಪು ಪ್ರಯಾಣ: ಮವಾಲೇಹ್‌ನಿಂದ ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಅಲ್ ಮವಾಲೇಹ್ (ಮಸ್ಕತ್): ಬಿಸಿಲು ಇಳಿದು ಅಕ್ಟೋಬರ್ ಬಂತೆಂದರೆ ಕೊಲ್ಲಿ ದೇಶಗಳ ಕನ್ನಡಿಗರಿಗೆ ಆಟದ ಸುಗ್ಗಿ. ಅಲ್ಲಿಂದ ಮಾರ್ಚ್‌ವರೆಗೆ ಕ್ರಿಕೆಟ್, ಕಬಡ್ಡಿ, ವಾಲಿಬಾಲ್, ತ್ರೋಬಾಲ್, ಷಟಲ್ ಎಂದು ಒಂದಲ್ಲ ಒಂದು ಪಂದ್ಯಾವಳಿ ಇದ್ದೇ ಇರುತ್ತದೆ. ದುಬೈ, ಶಾರ್ಜಾ, ಅಬುಧಾಬಿಯ ಬಂಧುಗಳು ಕರೆದಾಗ ಮಸ್ಕತ್‌ನ ತಂಡ ಹೊರಡುತ್ತದೆ. ನಮ್ಮಲ್ಲಿ ನಡೆದರೆ ಅವರು ಬರುತ್ತಾರೆ. ಒಮಾನ್ ಒಳಗೇ ಸೋಹಾರ್, ನಿಜ್ವಾ, ಸೂರ್, ಸಲಾಲಾ ಕಡೆಗೂ ತಂಡಗಳ ಓಡಾಟ ಉಂಟು.

ಅಭ್ಯಾಸಕ್ಕೆ ತಿಂಗಳುಗಟ್ಟಲೆ ಬೆವರು ಸುರಿಸುವ ನಾವು ಪ್ರಯಾಣದ ಏರ್ಪಾಡನ್ನು ಮಾತ್ರ ಕೊನೆಯ ನಾಲ್ಕು ದಿನಕ್ಕೆ ಬಿಡುತ್ತೇವೆ. ಹೋಗುವುದಕ್ಕೆ ಹೇಗೋ ಏರ್ಪಾಡು ಆಗುತ್ತದೆ. ಆಟ ಮುಗಿದು, ಬಹುಮಾನ ವಿತರಣೆ ಮುಗಿದು, ಊಟ ಮುಗಿದ ಮೇಲೆ ಹಿಂದಿರುಗುವ ರಾತ್ರಿಯ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ಅಪಾಯ ಇರುವುದು ಅಲ್ಲಿಯೇ. ಆದ್ದರಿಂದ ಈ ಲೇಖನದಲ್ಲಿ ಒತ್ತಿ ಹೇಳುವ ಮಾತು ಒಂದೇ: ತಂಡದ ಪ್ರಯಾಣವನ್ನು ವಾಪಸು ಬರುವ ಹೊತ್ತಿನಿಂದ ಲೆಕ್ಕ ಹಾಕಲು ಶುರು ಮಾಡಿ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಲಿ.

ಮೊದಲು ದಿನಾಂಕ, ಆಮೇಲೆ ತಂಡ

ಒಮಾನ್‌ನಲ್ಲಿ 2013ರ ಮೇ 1ರಿಂದ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಯು.ಎ.ಇ.ಯಲ್ಲಿಯೂ ಹಿಂದೆ ಹಾಗೆಯೇ ಇತ್ತು. 2022ರ ಜನವರಿಯಿಂದ ಅಲ್ಲಿನ ಸರಕಾರಿ ಕಚೇರಿಗಳು ಶನಿವಾರ, ಭಾನುವಾರದ ರಜೆಗೆ ಹೋದವು, ಶುಕ್ರವಾರ ಅರ್ಧ ದಿನ ಕೆಲಸ. ಶಾರ್ಜಾದಲ್ಲಿ ಶುಕ್ರವಾರವೂ ಸೇರಿ ಮೂರು ದಿನ ರಜೆ. ಖಾಸಗಿ ಕಂಪನಿಗಳಲ್ಲಿ ಹೆಚ್ಚಿನವು ಶನಿವಾರ, ಭಾನುವಾರದ ಪದ್ಧತಿಯನ್ನೇ ಅನುಸರಿಸಿದವು.

ಹೀಗಾಗಿ ಎರಡೂ ದೇಶದವರಿಗೆ ಪೂರ್ತಿ ಬಿಡುವಿರುವ ದಿನ ಶನಿವಾರ ಒಂದೇ. ದುಬೈನ ಸಂಘಟಕರು ತಮಗೆ ಅನುಕೂಲವೆಂದು ಭಾನುವಾರ ಪಂದ್ಯ ಇಟ್ಟರೆ ನಮ್ಮ ಆಟಗಾರರು ಭಾನುವಾರದ ಜೊತೆಗೆ ಸೋಮವಾರದ ರಜೆಯನ್ನೂ ಕೇಳಬೇಕಾಗುತ್ತದೆ. ಶನಿವಾರ ಸಂಜೆ ಫೈನಲ್ ಇಟ್ಟರೆ ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಹೋಗುವವರು ರಾತ್ರಿಯಿಡೀ ಗಾಡಿ ಓಡಿಸಬೇಕಾಗುತ್ತದೆ. ಆಹ್ವಾನ ಬಂದ ಕೂಡಲೇ ಸಂಘಟಕರಿಗೆ ಬರೆದು ಈ ಎರಡರಲ್ಲಿ ಒಂದನ್ನು ಕೇಳಿಕೊಳ್ಳಿ: ಒಮಾನ್ ತಂಡದ ಪಂದ್ಯಗಳನ್ನು ಶನಿವಾರ ಬೆಳಗಿನ ಹೊತ್ತಿಗೆ ಹಾಕಿ ಫೈನಲ್ ಮಧ್ಯಾಹ್ನದೊಳಗೆ ಮುಗಿಸುವುದು, ಇಲ್ಲವೇ ಶನಿವಾರ ರಾತ್ರಿ ತಂಡ ಅಲ್ಲೇ ಉಳಿಯಲು ವ್ಯವಸ್ಥೆ ಮಾಡುವುದು. ಎರಡನೆಯದಾದರೆ ಭಾನುವಾರದ ರಜೆಗೆ ಆಟಗಾರರು ಈಗಲೇ ಅರ್ಜಿ ಹಾಕಲಿ.

ದೊಡ್ಡ ರಜೆಗಳ ಬಗ್ಗೆಯೂ ಎಚ್ಚರ ಬೇಕು. ಎರಡು ಈದ್ ಹಬ್ಬಗಳು, ನವೆಂಬರ್‌ನಲ್ಲಿ ಒಮಾನ್ ರಾಷ್ಟ್ರೀಯ ದಿನ, ಡಿಸೆಂಬರ್ 2 ಮತ್ತು 3ರ ಯು.ಎ.ಇ. ರಾಷ್ಟ್ರೀಯ ದಿನ ಇವು ಪಂದ್ಯಕ್ಕೆ ಒಳ್ಳೆಯ ದಿನಗಳೇ. ಆದರೆ ಗಡಿ ಠಾಣೆಗಳಲ್ಲಿ ಕಾರುಗಳ ಸಾಲು ಉದ್ದವಾಗುವುದೂ ಆಗಲೇ. ಮಕ್ಕಳ ತಂಡವಾದರೆ ಫೆಬ್ರವರಿ, ಮಾರ್ಚ್ ತಿಂಗಳ ಬೋರ್ಡ್ ಪರೀಕ್ಷೆಗಳನ್ನೂ ನೋಡಿಕೊಳ್ಳಬೇಕು.

ಮ್ಯಾನೇಜರ್ ಆಡುವವರಾಗಬಾರದು

ಕಬಡ್ಡಿಯಲ್ಲಿ ಅಂಕಣಕ್ಕೆ ಇಳಿಯುವವರು 7 ಜನ, ಬದಲಿಯವರು ಸೇರಿ 12 ಜನ. ವಾಲಿಬಾಲ್‌ಗೆ 6, ಕ್ರಿಕೆಟ್‌ಗೆ 11, ಜೊತೆಗೆ ಬದಲಿ ಆಟಗಾರರು. ಈ ಪಟ್ಟಿಗೆ ಆಡದೇ ಇರುವ ಒಬ್ಬರನ್ನು ಮ್ಯಾನೇಜರ್ ಎಂದು ಸೇರಿಸಿ. ಟಿಕೆಟ್, ವೀಸಾ, ಹಣ, ರೂಮಿನ ಕೀ, ಡ್ರೈವರ್‌ನ ಊಟ ಎಲ್ಲವೂ ಅವರ ಜವಾಬ್ದಾರಿ. ಕ್ಯಾಪ್ಟನ್‌ಗೆ ಈ ಕೆಲಸ ಹೊರಿಸಿದರೆ ಅವರಿಗೆ ಆಟದ ಕಡೆ ಗಮನವಿರುವುದಿಲ್ಲ, ಪ್ರಯಾಣದ ಕಡೆಗೂ ಇರುವುದಿಲ್ಲ. ಸಂಘದ ಹಿರಿಯರೊಬ್ಬರು ಒಪ್ಪಿಕೊಂಡರೆ ತುಂಬಾ ಒಳ್ಳೆಯದು. "ಈಗ ಸಾಕು, ಮಲಗಿ" ಎಂದು ಹೇಳಿದರೆ ಹುಡುಗರು ಕೇಳುವ ಮಾತು ಅವರದು.

ಮ್ಯಾನೇಜರ್ ಕೈಯಲ್ಲಿ ಒಂದು ಹಾಳೆ ಇರಲಿ. ಪ್ರತಿಯೊಬ್ಬರ ಪೂರ್ತಿ ಹೆಸರು, ಪಾಸ್‌ಪೋರ್ಟ್ ಮತ್ತು ರೆಸಿಡೆಂಟ್ ಕಾರ್ಡ್ ಮುಗಿಯುವ ದಿನಾಂಕ, ರಕ್ತದ ಗುಂಪು, ಅಲರ್ಜಿ ಅಥವಾ ಸಕ್ಕರೆ ಕಾಯಿಲೆಯಂಥ ವಿವರ, ಮನೆಯವರ ದೂರವಾಣಿ. ಇದರ ಇನ್ನೊಂದು ಪ್ರತಿ ಮಸ್ಕತ್‌ನಲ್ಲಿ ಉಳಿಯುವ ಪದಾಧಿಕಾರಿಯೊಬ್ಬರ ಬಳಿ ಇರಬೇಕು.

ಕಾಗದ ಪತ್ರಗಳು

ಯು.ಎ.ಇ.ಗೆ ಹೋಗುವ ಒಮಾನ್ ನಿವಾಸಿ ಭಾರತೀಯರು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪ್ರವೇಶ ಅನುಮತಿ ಪಡೆಯಬೇಕು. ಹಿಂದೆಲ್ಲ ಗಡಿಯಲ್ಲೇ ವೀಸಾ ಹೊಡೆಸಿಕೊಂಡು ಹೋಗುತ್ತಿದ್ದ ಹಿರಿಯರ ಅನುಭವವನ್ನು ನಂಬಿ ಹೊರಟರೆ ಹಿಂದೆ ಬರಬೇಕಾಗುತ್ತದೆ. ನಮ್ಮವರು ಸಾಮಾನ್ಯವಾಗಿ ಎಡವುವುದು ಈ ಕೆಳಗಿನ ವಿಷಯಗಳಲ್ಲಿ:

1. ಅವಧಿ: ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ರೆಸಿಡೆಂಟ್ ಕಾರ್ಡ್‌ಗೂ ಕನಿಷ್ಠ ಅವಧಿಯ ನಿಯಮವಿದೆ. ಇದು ಬದಲಾಗುತ್ತಿರುವುದರಿಂದ ಅರ್ಜಿ ಹಾಕುವ ದಿನ ಯು.ಎ.ಇ. ಸರಕಾರದ ಅಧಿಕೃತ ತಾಣದಲ್ಲೇ ನೋಡಿಕೊಳ್ಳಿ.

2. ಒಂದೇ ಹೆಸರು: ನಮ್ಮಲ್ಲಿ ಅನೇಕರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ. 2022ರ ನವೆಂಬರ್‌ನಲ್ಲಿ ಯು.ಎ.ಇ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟ್‌ಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ನಿಯಮ ತಂದಿತು. ಎರಡನೇ ಪುಟದಲ್ಲಿ ತಂದೆಯ ಹೆಸರು ಇದ್ದರೆ ಪರಿಗಣಿಸಬಹುದೆಂದು ಬಳಿಕ ಸ್ಪಷ್ಟನೆ ಬಂತು. ತಂಡದಲ್ಲಿ ಇಂಥವರಿದ್ದರೆ ಅವರ ಅರ್ಜಿಯನ್ನು ಎಲ್ಲರಿಗಿಂತ ಮೊದಲು ಹಾಕಿ.

3. ಕುಟುಂಬ ವೀಸಾ: ಪತಿ ಅಥವಾ ತಂದೆಯ ಪ್ರಾಯೋಜಕತ್ವದಲ್ಲಿ ಇರುವವರು ಪ್ರಾಯೋಜಕರ ಜೊತೆಯಲ್ಲೇ ಪ್ರಯಾಣಿಸಬೇಕು ಎಂಬ ಷರತ್ತು ಯು.ಎ.ಇ. ಪ್ರವೇಶ ಅನುಮತಿಯಲ್ಲಿದೆ. ಮಹಿಳೆಯರ ತ್ರೋಬಾಲ್ ತಂಡಕ್ಕೂ ಮಕ್ಕಳ ತಂಡಕ್ಕೂ ಇದು ದೊಡ್ಡ ವಿಷಯ. ಬಸ್ಸಿನ ಸೀಟು ಎಣಿಸುವ ಮೊದಲೇ ಇದನ್ನು ತೀರ್ಮಾನಿಸಿ.

4. ಊರಿನಿಂದ ಬಂದ ಅಪ್ಪ ಅಮ್ಮ: ಮಗನ ಆಟ ನೋಡಲು ಅವರೂ ಹೊರಡುತ್ತಾರೆ. ಒಂದೇ ಬಾರಿ ಪ್ರವೇಶದ ಭೇಟಿ ವೀಸಾದಲ್ಲಿ ಬಂದವರು ಒಮಾನ್ ಗಡಿ ದಾಟಿದರೆ ಆ ವೀಸಾ ಅಲ್ಲಿಗೆ ಮುಗಿಯಿತು. ಹಿಂದಿರುಗಲು ಹೊಸ ವೀಸಾ ಬೇಕು.

5. ಮಕ್ಕಳು: ತಂದೆ ತಾಯಿಯರಲ್ಲಿ ಒಬ್ಬರು ಜೊತೆಗಿಲ್ಲದಿದ್ದರೆ ಅವರ ಸಹಿ ಇರುವ ಒಪ್ಪಿಗೆ ಪತ್ರ, ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ.

ಸ್ವಂತ ಕಾರಿನಲ್ಲಿ ಹೋಗುವವರಿಗೆ ಮುಲ್ಕಿಯಾ ಮತ್ತು ಯು.ಎ.ಇ.ಗೆ ಅನ್ವಯಿಸುವ ವಿಮೆ ಬೇಕು. ವಿಮೆಗೆ ನಮ್ಮವರು ಆರೆಂಜ್ ಕಾರ್ಡ್ ಎನ್ನುವುದು ರೂಢಿ. ನಿಮ್ಮ ಪಾಲಿಸಿಯಲ್ಲಿ ಯು.ಎ.ಇ. ಈಗಾಗಲೇ ಸೇರಿದೆಯೇ ಎಂದು ವಿಮಾ ಕಂಪನಿಯಲ್ಲಿ ಕೇಳಿ ತಿಳಿದುಕೊಳ್ಳಿ. ಕಾರು ಕಂಪನಿಯದ್ದೋ ಬಾಡಿಗೆಯದ್ದೋ ಆಗಿದ್ದರೆ, ಗಡಿ ದಾಟಲು ಅಭ್ಯಂತರವಿಲ್ಲ ಎಂಬ ಪತ್ರವನ್ನು ಮಾಲೀಕರಿಂದ ಪಡೆಯಬೇಕು.

ಮವಾಲೇಹ್ ಯಾಕೆ ಅನುಕೂಲ?

ಮಸ್ಕತ್ ಮಹಾನಗರದ ಪಶ್ಚಿಮ ತುದಿಯ ಸೀಬ್ ವಿಲಾಯತ್‌ಗೆ ಸೇರಿದ ಮವಾಲೇಹ್ ಗುಂಪು ಸೇರಲು ಹೇಳಿ ಮಾಡಿಸಿದಂಥ ಜಾಗ. ಪಕ್ಕದ ಬುರ್ಜ್ ಅಲ್ ಸಹ್ವಾದಿಂದ ನಿಜ್ವಾ ಮತ್ತು ಸಲಾಲಾ ಕಡೆಯ ದಾರಿ ಹೊರಡುತ್ತದೆ. ಬಾತಿನಾ ಕಡೆ, ಅಂದರೆ ಸೋಹಾರ್ ಮತ್ತು ದುಬೈ ದಾರಿಗೆ, ಊರೊಳಗಿನ ದಟ್ಟಣೆ ಹಿಂದೆಯೇ ಉಳಿಯುತ್ತದೆ. ವಿಮಾನ ನಿಲ್ದಾಣವೂ ಹತ್ತಿರ. ರುವಿ, ದಾರ್ಸೈತ್, ವಾದಿ ಕಬೀರ್‌ನವರು ಇಲ್ಲಿಗೇ ಬಂದು ಸೇರಿದರೆ ಬಸ್ಸು ಊರೆಲ್ಲ ಸುತ್ತುವುದು ತಪ್ಪುತ್ತದೆ.

ಸೇರುವ ಜಾಗವನ್ನು ಮಾತಿನಲ್ಲಿ ಹೇಳಿ ಬಿಡಬೇಡಿ, ಮೊಬೈಲಿನಲ್ಲಿ ಲೊಕೇಶನ್ ಕಳಿಸಿ. "ತರಕಾರಿ ಮಾರ್ಕೆಟ್ ಹತ್ತಿರ" ಎಂದರೆ ಹಳಬರಿಗೆ ಮವಾಲೇಹ್ ನೆನಪಾಗುತ್ತದೆ. ಆದರೆ ಆ ಸಗಟು ಮಾರುಕಟ್ಟೆ 2024ರಲ್ಲಿ ಬರ್ಕಾದ ಖಝಾಯಿನ್‌ಗೆ ಹೋಗಿದೆ. ಹೊಸದಾಗಿ ಬಂದ ಹುಡುಗ ಗುರುವಾರ ಸಂಜೆ ಅಲ್ಲಿಗೇ ಹೋಗಿ ನಿಂತರೆ ಆಶ್ಚರ್ಯವಿಲ್ಲ. ಕಾರುಗಳನ್ನು ಎರಡು ರಾತ್ರಿ ಮಾಲ್‌ನ ಪಾರ್ಕಿಂಗ್‌ನಲ್ಲಿ ಬಿಡುವ ಬದಲು ಹತ್ತಿರದ ಸದಸ್ಯರ ಮನೆಯ ಬಳಿ ನಿಲ್ಲಿಸುವುದು ವಾಸಿ.

ದಾರಿ ಮತ್ತು ದೂರ

ಮಸ್ಕತ್‌ನಿಂದ ನಿಜ್ವಾ ಸುಮಾರು 160 ಕಿ.ಮೀ., ಸೋಹಾರ್ ಮತ್ತು ಸೂರ್ ತಲಾ ಸುಮಾರು 200 ಕಿ.ಮೀ. ಬೆಳಿಗ್ಗೆ ಹೋಗಿ ಸಂಜೆ ಬರಬಹುದಾದ ದೂರಗಳಿವು.

ದುಬೈ ಸುಮಾರು 450 ಕಿ.ಮೀ. ಗಡಿಯ ಸಮಯ ಬಿಟ್ಟು ನಾಲ್ಕೈದು ಗಂಟೆಯ ದಾರಿ. 2018ರಲ್ಲಿ ಪೂರ್ತಿಯಾಗಿ ತೆರೆದ ಬಾತಿನಾ ಎಕ್ಸ್‌ಪ್ರೆಸ್ ಹೆದ್ದಾರಿ ಹಲ್ಬಾನ್‌ನಿಂದ ಗಡಿಯ ಕಡೆಗೆ ನೇರವಾಗಿ ಹೋಗುತ್ತದೆ. ದುಬೈಗೆ ಹೋಗುವವರು ಹತ್ತಾ ಗಡಿಯನ್ನು, ಫುಜೈರಾ ಮತ್ತು ಶಾರ್ಜಾ ಕಡೆಯವರು ಖತ್ಮತ್ ಮಲಾಹಾವನ್ನು, ಅಲ್ ಐನ್ ಮತ್ತು ಅಬುಧಾಬಿಗೆ ಹೋಗುವವರು ಬುರೈಮಿ ಕಡೆಯ ಗಡಿಯನ್ನು ಬಳಸುತ್ತಾರೆ. ಯು.ಎ.ಇ.ಯಿಂದ ರಸ್ತೆ ಮೂಲಕ ಹೊರಬರುವಾಗ ತಲಾ 35 ದಿರ್ಹಮ್‌ನಷ್ಟು ನಿರ್ಗಮನ ಶುಲ್ಕವಿದೆ, ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಗಡಿಯಲ್ಲಿ ಬಸ್ಸಿನವರೆಲ್ಲ ಇಳಿದು ಸಾಲಿನಲ್ಲಿ ನಿಲ್ಲಬೇಕು. ಒಬ್ಬರ ಕಾಗದದಲ್ಲಿ ತೊಡಕಾದರೆ ಇಡೀ ತಂಡ ಕಾಯಬೇಕು.

ಸಲಾಲಾದ ಮಾತು ಬೇರೆ. ಅದು ಸುಮಾರು 1000 ಕಿ.ಮೀ. ದೂರ. ಬೆಂಗಳೂರಿನಿಂದ ಮುಂಬೈಗೆ ಹೋದಷ್ಟು. ಆದಮ್ ದಾಟಿದ ಮೇಲೆ ಮರುಭೂಮಿಯ ನೇರ ರಸ್ತೆ, ಅರ್ಧ ದಾರಿಗೆ ಹೈಮಾ. ಕಣ್ಣಿಗೆ ಏನೂ ಬೀಳದ ಈ ನೇರ ದಾರಿಯೇ ನಿದ್ದೆ ತರಿಸುತ್ತದೆ, ರಾತ್ರಿ ಒಂಟೆಗಳು ಅಡ್ಡ ಬರುತ್ತವೆ. ಖರೀಫ್ ಮಳೆಗಾಲದಲ್ಲಿ (ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ) ತುಮ್ರೈತ್ ದಾಟಿ ಬೆಟ್ಟ ಇಳಿಯುವಾಗ ದಟ್ಟ ಮಂಜು ಇರುತ್ತದೆ. ಎರಡು ದಿನದ ರಜೆಯಲ್ಲಿ ಸಲಾಲಾಕ್ಕೆ ರಸ್ತೆಯಲ್ಲಿ ಹೋಗಿ ಆಡಿ ಬರುವುದು ಬೇಡವೇ ಬೇಡ. ವಿಮಾನಕ್ಕೆ ಹಣ ಹೊಂದದಿದ್ದರೆ ಆ ಪಂದ್ಯಾವಳಿಯನ್ನು ಬಿಡುವುದೇ ಲೇಸು.

ಮಳೆಯ ಮುನ್ಸೂಚನೆ ಇದ್ದರೆ ಪ್ರಯಾಣ ಮುಂದೂಡಿ. 2024ರ ಏಪ್ರಿಲ್ ಮಧ್ಯದ ಮಳೆಗೆ ಒಮಾನ್‌ನಲ್ಲಿ ಶಾಲಾ ಮಕ್ಕಳೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಎರಡು ದಿನಗಳಲ್ಲಿ ದುಬೈ ಕೂಡ ನೀರಿನಲ್ಲಿ ಮುಳುಗಿತು. ಹರಿಯುವ ವಾದಿಯಲ್ಲಿ ಗಾಡಿ ಇಳಿಸುವುದು ಒಮಾನ್‌ನಲ್ಲಿ ಶಿಕ್ಷಾರ್ಹ ಅಪರಾಧ.

ಬಸ್ಸೋ, ಕಾರುಗಳೋ?

ಮೂರು ಕಾರುಗಳಲ್ಲಿ ಹೋದರೆ ಖರ್ಚು ಕಡಿಮೆ ಎನಿಸುತ್ತದೆ. ಆದರೆ ಮೂರು ಕಾರು ಎಂದರೆ ಮೂರು ಜನ ಡ್ರೈವರ್‌ಗಳು, ಆ ಮೂವರೂ ಆಟಗಾರರು. ಊರಿನಲ್ಲಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗುವಾಗ ಡ್ರೈವರ್ ಬೇರೆಯೇ ಇರುತ್ತಾನಲ್ಲವೇ? ಇಲ್ಲಿಯೂ ಪರವಾನಗಿ ಇರುವ ಸಂಸ್ಥೆಯಿಂದ ಡ್ರೈವರ್ ಸಹಿತ ಬಸ್ಸು ಪಡೆಯುವುದು ಕ್ಷೇಮ. ಬಾಡಿಗೆ ಮಾತಾಡುವಾಗ ಇಷ್ಟು ಕೇಳಿ:

- ಈ ಬಸ್ಸಿಗೆ ಗಡಿ ದಾಟುವ ಅನುಮತಿ ಮತ್ತು ವಿಮೆ ಇದೆಯೇ?
- ಡ್ರೈವರ್‌ಗೆ ಯು.ಎ.ಇ. ಪ್ರವೇಶ ಅನುಮತಿ ಸಿಕ್ಕಿದೆಯೇ? ಆ ದಾರಿ ಅವರಿಗೆ ಪರಿಚಯವಿದೆಯೇ?
- ಎಲ್ಲ ಸೀಟಿಗೂ ಕೆಲಸ ಮಾಡುವ ಬೆಲ್ಟ್ ಇದೆಯೇ?
- ಕಿಟ್ ಬ್ಯಾಗುಗಳಿಗೆ ಪ್ರತ್ಯೇಕ ಜಾಗ ಇದೆಯೇ?
- ಹೊರಡುವ ಹಿಂದಿನ ರಾತ್ರಿ ಡ್ರೈವರ್‌ಗೆ ಬೇರೆ ಟ್ರಿಪ್ ಇದೆಯೇ?

ಇವು ಅತಿಯಾದ ಪ್ರಶ್ನೆಗಳು ಎನ್ನಿಸಿದರೆ 2019ರ ಜೂನ್ 6ನ್ನು ನೆನಪಿಸಿಕೊಳ್ಳಿ. ಈದ್ ರಜೆ ಮುಗಿಸಿಕೊಂಡು ಮಸ್ಕತ್‌ನಿಂದ ದುಬೈಗೆ ಹೊರಟಿದ್ದ ಬಸ್ಸು ರಶೀದಿಯಾದಲ್ಲಿ ಬಸ್ಸುಗಳಿಗೆ ಅಲ್ಲದ ದಾರಿಗೆ ತಿರುಗಿ, ಎತ್ತರ ತಡೆಯುವ ಕಂಬಕ್ಕೆ ಬಡಿಯಿತು. 17 ಜನ ಸತ್ತರು, ಅವರಲ್ಲಿ 12 ಮಂದಿ ಭಾರತೀಯರು. ಗುರಿ ಮುಟ್ಟಲು ಕೆಲವೇ ನಿಮಿಷ ಬಾಕಿ ಇತ್ತು.

ಸಣ್ಣ ತಂಡಕ್ಕೆ ಸಾರ್ವಜನಿಕ ಬಸ್ಸೂ ಆಗಬಹುದು. ಮವಾಸಲಾತ್ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಅಬುಧಾಬಿಗೆ, 2024ರ ಫೆಬ್ರವರಿಯಲ್ಲಿ ಶಾರ್ಜಾಕ್ಕೆ ಬಸ್ಸು ಆರಂಭಿಸಿತು. ವೇಳಾಪಟ್ಟಿಯನ್ನು ಬುಕಿಂಗ್ ಮಾಡುವಾಗ ನೋಡಿಕೊಳ್ಳಿ.

ಖರ್ಚಿನ ಲೆಕ್ಕ

ಬಸ್ಸು, ರೂಮು, ಪ್ರವೇಶ ಶುಲ್ಕ ಇವು ಎಷ್ಟು ಜನ ಬಂದರೂ ಬದಲಾಗದ ಖರ್ಚು. ವೀಸಾ, ಊಟ, ಗಡಿ ಶುಲ್ಕ ತಲೆಗೆ ಇಷ್ಟು ಎಂದು ಬರುವ ಖರ್ಚು. ಎರಡನ್ನೂ ಬೇರೆ ಬೇರೆ ಬರೆಯಿರಿ. ಉದಾಹರಣೆಗೆ ಬಸ್ಸಿಗೆ 180 ರಿಯಾಲ್ ಎಂದುಕೊಳ್ಳಿ. 18 ಜನರಿಗೆ ತಲಾ 10 ರಿಯಾಲ್. ಕೊನೆಯಲ್ಲಿ ಮೂವರು ಹಿಂದೆ ಸರಿದರೆ ಉಳಿದ 15 ಜನರಿಗೆ ತಲಾ 12. ಬರುವವರ ಮೇಲೆ ಬಾರದವರ ಹೊರೆ ಬಿತ್ತು. ಆದ್ದರಿಂದ ಹೆಸರು ಕೊಡುವಾಗಲೇ ಬಸ್ಸು, ರೂಮಿನ ಪಾಲು ತೆಗೆದುಕೊಳ್ಳಿ, ಬಾರದಿದ್ದರೆ ಅದು ವಾಪಸಿಲ್ಲ ಎಂದು ಮೊದಲೇ ಹೇಳಿಬಿಡಿ. ಮನಸ್ತಾಪ ಬರುವುದು ಹೇಳದೇ ಇದ್ದಾಗ.

ಒಂದು ರಿಯಾಲ್‌ಗೆ ಸುಮಾರು 9.5 ದಿರ್ಹಮ್. ಎರಡೂ ಡಾಲರ್‌ಗೆ ಕಟ್ಟಿದ ಹಣವಾದ್ದರಿಂದ ಈ ಲೆಕ್ಕ ಹೆಚ್ಚು ಕಡಿಮೆ ಆಗುವುದಿಲ್ಲ. ಇನ್ನೊಂದು ಮಾತು: ಒಮಾನ್‌ನಲ್ಲಿ ಅನುಮತಿ ಇಲ್ಲದೆ ಸಾರ್ವಜನಿಕರಿಂದ ಹಣ ಸಂಗ್ರಹಿಸುವುದು ಅಪರಾಧ. ತಂಡದ ಖರ್ಚು ಹೋಗುವವರ ಪಾಲಿನಲ್ಲೇ ಮುಗಿಯಲಿ. ಪ್ರಾಯೋಜಕರು ಇದ್ದರೆ ಸಂಘದ ಮೂಲಕ, ನಿಯಮದಂತೆ ನಡೆಯಲಿ.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಆಟದ ಶೂ ಮತ್ತು ಜೆರ್ಸಿ ಕೈಚೀಲದಲ್ಲೇ ಇರಲಿ. ನೀರು, ಓ.ಆರ್.ಎಸ್., ಬಾಳೆಹಣ್ಣು, ಐಸ್ ಪೆಟ್ಟಿಗೆ, ಬ್ಯಾಂಡೇಜು ಮ್ಯಾನೇಜರ್ ಹೊಣೆ. ದಾರಿಗೆ ಚಿತ್ರಾನ್ನ, ಚಪಾತಿ ಪಲ್ಯ ಕಟ್ಟಿಕೊಂಡರೆ ಹಣವೂ ಉಳಿಯುತ್ತದೆ, ಹೊಟ್ಟೆಯೂ ಕೆಡುವುದಿಲ್ಲ.

ನೋವಿನ ಮಾತ್ರೆಗಳ ಬಗ್ಗೆ ಮಾತ್ರ ಬಹಳ ಎಚ್ಚರ. ಟ್ರಮಾಡಾಲ್, ಕೊಡೀನ್ ಇರುವ ಮಾತ್ರೆ, ಕೆಮ್ಮಿನ ಔಷಧಿಗಳು ಯು.ಎ.ಇ.ಯಲ್ಲಿ ನಿಯಂತ್ರಿತ ಔಷಧಿಗಳು. ಊರಿನಿಂದ ತಂದು ಕಿಟ್ ಬ್ಯಾಗಿನ ಮೂಲೆಯಲ್ಲಿ ಇಟ್ಟ ಒಂದು ಪಟ್ಟಿ ಮಾತ್ರೆ ಗಡಿಯಲ್ಲಿ ದೊಡ್ಡ ಕೇಸಾಗಬಹುದು. ವೈದ್ಯರ ಚೀಟಿ ಮತ್ತು ಮುಂಗಡ ಅನುಮತಿ ಇಲ್ಲದೆ ಇಂಥದ್ದನ್ನು ಒಯ್ಯಬೇಡಿ. ಹೊರಡುವ ಮುನ್ನ ಪ್ರತಿಯೊಬ್ಬರೂ ತಮ್ಮ ಚೀಲ ತಾವೇ ಬರಿದು ಮಾಡಿ ನೋಡಲಿ.

ಹಿಂದಿರುಗುವ ರಾತ್ರಿ

ಪಂದ್ಯದ ದಿನ ಆಟಗಾರ ಏಳುವುದು ಬೆಳಿಗ್ಗೆ 5ಕ್ಕೆ. ಬಹುಮಾನ ತೆಗೆದುಕೊಂಡು, ಫೋಟೋ ತೆಗೆಸಿಕೊಂಡು, ಊಟ ಮಾಡಿ ಹೊರಡುವಾಗ ರಾತ್ರಿ 10. ಅಲ್ಲಿಗೆ ಎಚ್ಚರವಾಗಿ 17 ಗಂಟೆ ಆಯಿತು. 17 ಗಂಟೆ ನಿದ್ದೆ ಇಲ್ಲದವರ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1990ರ ದಶಕದಿಂದಲೇ ಸಂಶೋಧಕರು ತೋರಿಸಿದ್ದಾರೆ. ಭಾರತದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ ಶೇ. 0.03. ಅಂದರೆ ಒಂದು ಹನಿ ಕುಡಿಯದ, ದಿನವಿಡೀ ಮೈಮುರಿದು ಆಡಿದ ನಮ್ಮ ಹುಡುಗ ಆ ಹೊತ್ತಿಗೆ ಸ್ಟೇರಿಂಗ್ ಹಿಡಿಯಲು ಯೋಗ್ಯನಲ್ಲ. ಅವನ ಮುಂದೆ ಇನ್ನೂ 450 ಕಿ.ಮೀ. ದಾರಿ, ನಡುವೆ ಗಡಿ. ಚಹಾ ಕುಡಿದು, ಹಾಡು ಹಾಕಿಕೊಂಡು, ಕಿಟಕಿ ತೆರೆದು ನಿದ್ದೆಯನ್ನು ಗೆಲ್ಲಲಾಗದು. ನಿದ್ದೆಗೆ ನಿದ್ದೆಯೇ ಮದ್ದು.

ಆದ್ದರಿಂದ ಸಂಘಗಳು ಈ ನಿಯಮಗಳನ್ನು ಬರೆದಿಟ್ಟುಕೊಳ್ಳಲಿ:

1. ಆ ದಿನ ಆಡಿದವರು ಆ ರಾತ್ರಿ ವಾಹನ ಓಡಿಸಬಾರದು.
2. ಬಾಡಿಗೆ ಬಸ್ಸಿನ ಡ್ರೈವರ್‌ಗೂ ಒಂದು ರೂಮು ಬುಕ್ ಮಾಡಿ. ನಾವು ಆಡುವ ಹೊತ್ತಿನಲ್ಲಿ ಅವರು ಮಲಗಲಿ. ಅವರನ್ನು ಪಂದ್ಯ ನೋಡಲು ಕೂರಿಸುವುದು, ಸಾಮಾನು ತರಲು ಕಳಿಸುವುದು ಬೇಡ.
3. ಫೈನಲ್ ಸಂಜೆ 4ರ ನಂತರ ಮುಗಿಯುವುದಾದರೆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ. ರೂಮಿನ ಹಣ ಮೊದಲೇ ಲೆಕ್ಕದಲ್ಲಿರಲಿ. ಸೋತು ಬೇಗ ಹೊರಬಿದ್ದರೆ ಆ ಹಣ ಉಳಿಯಿತು ಎಂದುಕೊಳ್ಳೋಣ.
4. ಎರಡು ಗಂಟೆಗೊಮ್ಮೆ ಬಸ್ಸು ನಿಲ್ಲಲಿ. ಡ್ರೈವರ್ ಪಕ್ಕದ ಸೀಟಿನಲ್ಲಿ ಮ್ಯಾನೇಜರ್ ಕೂರಲಿ.
5. ಹಿಂದಿನ ಸೀಟಿನವರೂ ಬೆಲ್ಟ್ ಹಾಕಲಿ. ನಡುವೆ ಎದ್ದು ಕುಣಿಯುವುದು ಬೇಡ.
6. ಮವಾಲೇಹ್‌ನಲ್ಲಿ ಇಳಿದ ಮೇಲೆ ಪ್ರತಿಯೊಬ್ಬರೂ ಮನೆ ಮುಟ್ಟಿದೆವೆಂದು ಮ್ಯಾನೇಜರ್‌ಗೆ ತಿಳಿಸಲಿ. ಬಸ್ಸಿನಿಂದ ಇಳಿದು ರುವಿಗೆ ಕಾರು ಓಡಿಸುವ ಆ ಕೊನೆಯ ಅರ್ಧ ಗಂಟೆಯೂ ಪ್ರಯಾಣದ ಭಾಗವೇ.

ತುರ್ತು ಕರೆ: ಒಮಾನ್‌ನಲ್ಲಿ 9999. ಯು.ಎ.ಇ.ಯಲ್ಲಿ ಪೊಲೀಸ್ 999, ಆಂಬುಲೆನ್ಸ್ 998.

ಯಾವಾಗ ಏನು?

ಆರು ವಾರ ಮೊದಲು: ದಿನಾಂಕ ಮತ್ತು ಪಂದ್ಯದ ಹೊತ್ತಿನ ಬಗ್ಗೆ ಸಂಘಟಕರೊಂದಿಗೆ ಮಾತುಕತೆ, ಮ್ಯಾನೇಜರ್ ಆಯ್ಕೆ, ಪಾಸ್‌ಪೋರ್ಟ್ ಪರಿಶೀಲನೆ.
ನಾಲ್ಕು ವಾರ ಮೊದಲು: ಹೆಸರು ಮತ್ತು ಮುಂಗಡ ಹಣ, ಬಸ್ಸು ಮತ್ತು ರೂಮು, ಕಚೇರಿಯಲ್ಲಿ ರಜೆ ಅರ್ಜಿ.
ಎರಡು ವಾರ ಮೊದಲು: ಎಲ್ಲರ ಪ್ರವೇಶ ಅನುಮತಿ ಅರ್ಜಿ. ಒಂದೇ ಹೆಸರಿನವರದು ಇದಕ್ಕೂ ಮೊದಲು.
ಮೂರು ದಿನ ಮೊದಲು: ಹವಾಮಾನ, ಬಸ್ಸಿನ ಕಾಗದ, ಡ್ರೈವರ್ ಜೊತೆ ಮಾತು.
ಹಿಂದಿನ ದಿನ: ಚೀಲ ಪರೀಕ್ಷೆ, ಅನುಮತಿ ಪತ್ರದ ಮುದ್ರಿತ ಪ್ರತಿ, ಬೇಗ ನಿದ್ದೆ.

ನಮ್ಮ ಹುಡುಗರು, ಹೆಣ್ಣುಮಕ್ಕಳು ವಾರವಿಡೀ ದುಡಿದು, ಸಿಕ್ಕ ಎರಡು ದಿನದಲ್ಲಿ ಕನ್ನಡದ ಹೆಸರು ಬರೆದ ಜೆರ್ಸಿ ತೊಟ್ಟು ಆಡಲು ಹೋಗುತ್ತಾರೆ. ಕಪ್ ಈ ವರ್ಷ ಬಾರದಿದ್ದರೆ ಮುಂದಿನ ವರ್ಷ ಬರುತ್ತದೆ. ಹೋದಷ್ಟೂ ಜನ ನಗುನಗುತ್ತಾ ಮನೆಗೆ ಮರಳುವುದು ಮುಖ್ಯ. ಈ ಪುಟವನ್ನು ನಿಮ್ಮ ತಂಡದ ಮ್ಯಾನೇಜರ್‌ಗೆ ಕೊಡಿ, ನಿಮ್ಮ ಅನುಭವದಿಂದ ಇದಕ್ಕೆ ಸೇರಿಸುವುದಿದ್ದರೆ ಸಂಘಕ್ಕೆ ಬರೆದು ತಿಳಿಸಿ. ಎಲ್ಲ ತಂಡಗಳಿಗೂ ಶುಭವಾಗಲಿ, ಪ್ರಯಾಣ ಸುಖಕರವಾಗಲಿ.